ಚಳಿಗಾಲದಲ್ಲಿ ಬೆವರುವ ಕಿಟಕಿ ಮತ್ತು ಮನೆಯೊಳಗಿನ ತೇವಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗಿನ ಉಷ್ಣಾಂಶ ವಾರಗಟ್ಟಲೆ ಸೊನ್ನೆಯ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುವ, ಮನೆಯನ್ನು ಬಿಸಿ ಮಾಡಿಕೊಂಡೇ ಬದುಕಬೇಕಾದ ಪ್ರದೇಶಗಳಲ್ಲಿ ಪ್ರತಿ ಚಳಿಗಾಲವೂ ಮರಳಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉಷ್ಣಾಂಶಗಳೆಲ್ಲವೂ ಸೆಲ್ಸಿಯಸ್‌ನಲ್ಲಿವೆ. ಗಾಜು, ಚೌಕಟ್ಟು, ಕೋಣೆಯ ಗಾತ್ರ ಇವುಗಳಿಗೆ ತಕ್ಕಂತೆ ಅಂಕಿಗಳು ತುಸು ಹೆಚ್ಚುಕಡಿಮೆಯಾಗುವುದು ಸಹಜ.

ಬೆಳಗ್ಗೆ ಎದ್ದಾಗ ಗಾಜಿನ ಮೇಲೆ ಕಾಣುವ ನೀರು ಎಲ್ಲಿಂದ ಬರುತ್ತದೆ? ಹೊರಗಿನಿಂದ ಸೋರುತ್ತಿದೆಯೇ?

ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ಅದು ಮನೆಯೊಳಗಿನ ಗಾಳಿಯಲ್ಲೇ ಆವಿಯ ರೂಪದಲ್ಲಿದ್ದ ನೀರು. ಬೆಚ್ಚಗಿನ ಗಾಳಿಯಲ್ಲಿ ಹೆಚ್ಚು ನೀರಾವಿ ಇರಬಲ್ಲದು, ತಣ್ಣಗಿನ ಗಾಳಿಯಲ್ಲಿ ಕಡಿಮೆ: 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಲು ಸಾಧ್ಯವಾದರೆ, ಸೊನ್ನೆ ಡಿಗ್ರಿಯಲ್ಲಿ ಅದು 5 ಗ್ರಾಂಗಿಂತ ತುಸು ಕಡಿಮೆ, ಮೈನಸ್ 10ರಲ್ಲಿ ಎರಡು ಗ್ರಾಂ ಚಿಲ್ಲರೆ. ಕೋಣೆಯ ಗಾಳಿ ತಣ್ಣಗಿನ ಗಾಜನ್ನು ತಾಗಿ ತಂಪಾದಾಗ ತನ್ನಲ್ಲಿ ಇರಿಸಿಕೊಳ್ಳಲಾಗದ ಹೆಚ್ಚಿನ ಆವಿಯನ್ನು ಗಾಜಿನ ಮೇಲೆ ಹನಿಯಾಗಿ ಬಿಟ್ಟುಹೋಗುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಹೊರಮೈ ಒದ್ದೆಯಾಗುವುದೂ ಇದೇ ಕಾರಣಕ್ಕೆ.

ಮಳೆ ನೀರೇ ಸೋರುತ್ತಿದ್ದರೆ ಅದು ಮಳೆಯೊಂದಿಗೆ ಬರುತ್ತದೆ, ಚಳಿಯೊಂದಿಗಲ್ಲ. ಕಲೆ ಚೌಕಟ್ಟಿನ ಮೇಲ್ಭಾಗದಲ್ಲೋ ಗೋಡೆಯ ಒಂದೇ ಮೂಲೆಯಲ್ಲೋ ಇರುತ್ತದೆ. ಒಣ ಹವೆಯ ಕೊರೆಯುವ ರಾತ್ರಿಗಳ ನಂತರವೇ ಗಾಜು ಒದ್ದೆಯಾಗುತ್ತಿದ್ದರೆ ಸೋರಿಕೆಯನ್ನು ಹುಡುಕುತ್ತಾ ಹೋಗುವುದು ವ್ಯರ್ಥ.

‘ಇಬ್ಬನಿ ಬಿಂದು’ ಎಂಬುದನ್ನು ಗೃಹಸ್ಥರು ಏಕೆ ತಿಳಿದಿರಬೇಕು?

ಏಕೆಂದರೆ ಈ ಇಡೀ ವಿಷಯ ಎರಡು ಅಂಕಿಗಳ ಹೋಲಿಕೆಯಲ್ಲಿ ಅಡಗಿದೆ. ಒಂದು, ಗಾಜಿನ ಒಳಮೈಯ ಉಷ್ಣಾಂಶ; ಇನ್ನೊಂದು, ಕೋಣೆಯ ಗಾಳಿಯ ಇಬ್ಬನಿ ಬಿಂದು, ಅಂದರೆ ಆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರಲ್ಲಿನ ಆವಿ ನೀರಾಗತೊಡಗುತ್ತದೋ ಆ ಉಷ್ಣಾಂಶ. ಗಾಜು ಇಬ್ಬನಿ ಬಿಂದುವಿಗಿಂತ ಬೆಚ್ಚಗಿದ್ದರೆ ಒಣಗಿರುತ್ತದೆ, ತಣ್ಣಗಿದ್ದರೆ ಒದ್ದೆಯಾಗುತ್ತದೆ.

ಕೋಣೆ 20 ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆ (ಆ ಉಷ್ಣಾಂಶದ ಗಾಳಿಯಲ್ಲಿ ಹೆಚ್ಚೆಂದರೆ ಇರಬಹುದಾದ ಆವಿಯಲ್ಲಿ ಈಗಿರುವ ಪಾಲು) ಶೇಕಡಾ 30 ಇದ್ದರೆ ಇಬ್ಬನಿ ಬಿಂದು ಸುಮಾರು 2 ಡಿಗ್ರಿ. ಶೇಕಡಾ 40 ಇದ್ದರೆ 6. ಶೇಕಡಾ 50 ಇದ್ದರೆ 9ಕ್ಕಿಂತ ತುಸು ಹೆಚ್ಚು. ಶೇಕಡಾ 60 ಇದ್ದರೆ 12. ಇನ್ನು ಗಾಜಿನ ಕಡೆ ನೋಡಿದರೆ, ಹೊರಗೆ ಮೈನಸ್ 10, ಒಳಗೆ 20 ಇರುವಾಗ ಒಂಟಿ ಗಾಜಿನ ಒಳಮೈ ಸೊನ್ನೆಗಿಂತ ಕೆಳಗೆ, ಮೈನಸ್ 2ರ ಸುಮಾರಿಗೆ ಇಳಿಯುತ್ತದೆ. ಹಳೆಯ ಬಗೆಯ ಜೋಡಿ ಗಾಜಿನ ನಡುಭಾಗ 9 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಶಾಖವನ್ನು ಹಿಂದಕ್ಕೆ ಕಳಿಸುವ ಲೇಪನ ಮತ್ತು ಆರ್ಗಾನ್ ಅನಿಲವಿರುವ ಈಗಿನ ಜೋಡಿ ಗಾಜು 15ರಿಂದ 16 ಡಿಗ್ರಿಯಲ್ಲಿಯೂ, ಒಳ್ಳೆಯ ಮೂರು ಪದರದ ಗಾಜು 17ರ ಸುಮಾರಿನಲ್ಲಿಯೂ ಇರುತ್ತವೆ.

ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹಳೆಯ ಜೋಡಿ ಗಾಜಿನ ಮನೆಯಲ್ಲಿ ಆರ್ದ್ರತೆ ಶೇಕಡಾ 50 ಇದ್ದರೆ, ಅಂಥ ರಾತ್ರಿ ಗಾಜು ಒದ್ದೆಯಾಗುವುದು ದೋಷವಲ್ಲ, ಲೆಕ್ಕ. ಅದೇ ಲೇಪನವಿರುವ ಹೊಸ ಗಾಜಿನ ನಡುಭಾಗವೇ ಮಂಜಾಗಿದ್ದರೆ, ಒಂದೋ ಕೋಣೆಯ ಆರ್ದ್ರತೆ ಶೇಕಡಾ 70ನ್ನು ಮೀರಿದೆ, ಇಲ್ಲವೇ ದಪ್ಪ ಪರದೆಯೋ ಬೇರೇನೋ ಕೋಣೆಯ ಶಾಖವನ್ನು ಗಾಜಿಗೆ ತಲುಪಗೊಡುತ್ತಿಲ್ಲ.

ಹಾಗಾದರೆ ಮನೆಯೊಳಗೆ ಆರ್ದ್ರತೆ ಎಷ್ಟಿರಬೇಕು?

ಶೇಕಡಾ 30ರಿಂದ 50 ಎಂಬುದು ಸಾಮಾನ್ಯವಾಗಿ ಹೇಳುವ ವ್ಯಾಪ್ತಿ. ಆದರೆ ಇದನ್ನು ವರ್ಷವಿಡೀ ಒಂದೇ ಅಂಕಿಯಾಗಿ ಹಿಡಿದುಕೊಂಡು ಕೂರುವುದೇ ಹಲವರ ತೊಂದರೆಗೆ ಕಾರಣ. ಹೊರಗಿನ ಚಳಿ ಹೆಚ್ಚಿದಂತೆ ಒಳಗಿನ ಆರ್ದ್ರತೆಯ ಮಿತಿ ಕೆಳಗಿಳಿಯಬೇಕು. ಸಾಮಾನ್ಯ ಜೋಡಿ ಗಾಜಿನ ಮನೆಯಲ್ಲಿ ಹೊರಗೆ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಶೇಕಡಾ 40, ಮೈನಸ್ 10ರಲ್ಲಿ 30ರಿಂದ 35, ಮೈನಸ್ 20ರಲ್ಲಿ 25ರ ಸುಮಾರು, ಮೈನಸ್ 30ರಲ್ಲಿ 15ರಿಂದ 20 ಮೀರದಂತೆ ನೋಡಿಕೊಂಡರೆ ಗಾಜು ಹೆಚ್ಚಿನಂಶ ಒಣಗಿರುತ್ತದೆ. ಗಾಜು ಉತ್ತಮವಾದಷ್ಟೂ ಈ ಮಿತಿಯನ್ನು ಸಡಿಲಿಸಬಹುದು.

ತೀರ ಒಣಗಿದ ಗಾಳಿಯೂ ಹಿತವಲ್ಲ. ಮೂಗು, ಗಂಟಲು, ಚರ್ಮ ಒಣಗುತ್ತವೆ; ಬಾಗಿಲ ಹಿಡಿಯನ್ನು ಮುಟ್ಟಿದರೆ ಸ್ಥಿರವಿದ್ಯುತ್ತು ಚುರುಕ್ ಎನ್ನುತ್ತದೆ; ಮರದ ನೆಲಹಾಸಿನಲ್ಲಿ ಸಂದುಗಳು ತೆರೆದುಕೊಳ್ಳುತ್ತವೆ, ಮರದ ವಾದ್ಯಗಳು ಬಿರುಕು ಬಿಡಬಹುದು. ಹಿತ ಮತ್ತು ಕಟ್ಟಡದ ಕ್ಷೇಮ ಎರಡೂ ಪೂರ್ತಿ ಹೊಂದದ ಕೆಲವು ವಾರಗಳು ಕಡುಚಳಿಯ ನಾಡುಗಳಲ್ಲಿ ಬಂದೇ ಬರುತ್ತವೆ. ಆಗ ಕಟ್ಟಡದ ಪರ ನಿಲ್ಲುವುದು ಲೇಸು: ಒಣಗಿದ ಚರ್ಮಕ್ಕೆ ಮುಲಾಮು ಹಚ್ಚಬಹುದು, ಗೋಡೆಯೊಳಗೆ ಕೊಳೆತ ಮರಕ್ಕೆ ಅಷ್ಟು ಸುಲಭದ ಪರಿಹಾರವಿಲ್ಲ.

ಹೊರಗೆ ಹಿಮ ಬೀಳುತ್ತಿದೆ, ಹವಾಮಾನ ವರದಿಯಲ್ಲಿ ಆರ್ದ್ರತೆ ಶೇಕಡಾ 90 ಎಂದಿದೆ. ಕಿಟಕಿ ತೆರೆದರೆ ತೇವ ಇನ್ನಷ್ಟು ಒಳಗೆ ಬರುವುದಿಲ್ಲವೇ?

ಬರುವುದಿಲ್ಲ, ಬದಲಿಗೆ ಮನೆ ಒಣಗುತ್ತದೆ. ‘ಸಾಪೇಕ್ಷ’ ಎಂಬ ಮಾತನ್ನು ಇಲ್ಲಿ ಗಮನವಿಟ್ಟು ಓದಬೇಕು. ಆ ಶೇಕಡಾ 90 ಎಂಬುದು, ಅಷ್ಟು ತಣ್ಣಗಿನ ಗಾಳಿಯಲ್ಲಿ ಇರಬಹುದಾದ ಅತ್ಯಲ್ಪ ಆವಿಯಲ್ಲಿ ಶೇಕಡಾ 90. ಸೊನ್ನೆ ಡಿಗ್ರಿಯ ಅಂಥ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಕಾಲುಭಾಗಕ್ಕೂ ಕಡಿಮೆಯಾಗುತ್ತದೆ. ಮೈನಸ್ 10ರ ಗಾಳಿಯಾಗಿದ್ದರೆ ಶೇಕಡಾ 11ರ ಸುಮಾರಿಗೆ ಬರುತ್ತದೆ. ಚಳಿಗಾಲದಲ್ಲಿ ಮನೆಯನ್ನು ಒಣಗಿಸಲು ಹೊರಗಿನ ಗಾಳಿಗಿಂತ ಸಮರ್ಥವಾದ ಸಾಧನ ಮತ್ತೊಂದಿಲ್ಲ. ಈ ಒಂದು ಸಂಗತಿಯನ್ನು ನಂಬದೆ ಕಿಟಕಿಗಳನ್ನು ತಿಂಗಳುಗಟ್ಟಲೆ ಬಿಗಿದು ಮುಚ್ಚಿಡುವವರೇ ಹೆಚ್ಚು.

ನಮ್ಮ ಮನೆಯಲ್ಲಿ ಗಾಳಿಗೆ ತೇವ ಸೇರಿಸುವ ಯಂತ್ರ (ಹ್ಯೂಮಿಡಿಫೈಯರ್) ಇಲ್ಲ, ಎಲ್ಲಿಯೂ ನೀರು ಸೋರುತ್ತಿಲ್ಲ. ಆದರೂ ಇಷ್ಟೊಂದು ತೇವ ಹೇಗೆ?

ಮನುಷ್ಯರು ಉಸಿರಾಡುವುದರಿಂದ ಮತ್ತು ಬೆವರುವುದರಿಂದಲೇ ಒಬ್ಬೊಬ್ಬರೂ ಗಂಟೆಗೆ ಸುಮಾರು 40ರಿಂದ 60 ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಾರೆ. ಅಡುಗೆ, ಸ್ನಾನ, ಪಾತ್ರೆ ತೊಳೆಯುವುದು, ನೆಲ ಒರೆಸುವುದು ಎಲ್ಲವನ್ನೂ ಕೂಡಿಸಿದರೆ ನಾಲ್ವರ ಕುಟುಂಬವೊಂದು ದಿನಕ್ಕೆ ಸರಾಸರಿ 10 ಲೀಟರಿನಷ್ಟು ನೀರನ್ನು ಆವಿಯಾಗಿಸುತ್ತದೆ. ಒಂದು ಬಕೆಟ್ ನೀರನ್ನು ಗಾಜಿಗೆ ಎರಚಿದರೆ ತಕ್ಷಣ ಕಾಣುತ್ತದೆ. ಆವಿಯಾಗಿ ಬಂದದ್ದು ರಾತ್ರಿಯಿಡೀ ಕಾದು ಬೆಳಗ್ಗೆ ಕಾಣಿಸಿಕೊಳ್ಳುತ್ತದೆ.

ಬಟ್ಟೆಯನ್ನು ಒಳಗೇ ಒಣಹಾಕುವುದನ್ನು ಪ್ರತ್ಯೇಕವಾಗಿ ಹೇಳಬೇಕು. ಯಂತ್ರದಲ್ಲಿ ಚೆನ್ನಾಗಿ ಹಿಂಡಿ ತೆಗೆದ ಒಂದು ಸರದಿಯ ಬಟ್ಟೆಯಲ್ಲೂ ಎರಡು ಲೀಟರಿನ ಸುಮಾರು ನೀರು ಉಳಿದಿರುತ್ತದೆ, ಅದಷ್ಟೂ ಕೋಣೆಯ ಗಾಳಿಗೇ ಹೋಗುತ್ತದೆ. ಒಳಗೇ ಒಣಗಿಸಬೇಕಾದ ಅನಿವಾರ್ಯತೆ ಇದ್ದರೆ ಬಚ್ಚಲುಮನೆಯಲ್ಲಿ ಹರವಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿಡುವುದು ಉತ್ತಮ. ಕುಂಡದ ಗಿಡಗಳಿಗೆ ಹಾಕಿದ ನೀರಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ ಗಾಳಿಗೇ ಸೇರುತ್ತದೆ. ಮುಚ್ಚಳವಿಲ್ಲದ ಅಕ್ವೇರಿಯಂ, ಒಳಗೆ ಪೇರಿಸಿಟ್ಟ ಹಸಿ ಸೌದೆ, ನೆಲದಡಿಯ ಬಯಲು ಮಣ್ಣು ಇವೂ ಸದ್ದಿಲ್ಲದೆ ಕೊಡುಗೆ ನೀಡುತ್ತವೆ. ನೆಲದಡಿಯಲ್ಲಿ ಖಾಲಿ ಜಾಗವಿರುವ ಮನೆಗಳಲ್ಲಿ ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು ಕಡಿಮೆ ಶ್ರಮದ, ಹೆಚ್ಚು ಫಲದ ಕೆಲಸ.

ಇದಲ್ಲದೆ ಚಳಿಗಾಲದ ಆರಂಭದಲ್ಲಿ ಮಾತ್ರ ಕಾಡುವ ತೇವವೊಂದಿದೆ. ಬೇಸಿಗೆಯ ಆರ್ದ್ರ ತಿಂಗಳುಗಳಲ್ಲಿ ಮರ, ಗಾರೆ, ಹಾಸಿಗೆ, ಪುಸ್ತಕಗಳು ಹೀರಿಕೊಂಡ ತೇವ ಮೊದಲ ಚಳಿಯೊಂದಿಗೆ ನಿಧಾನವಾಗಿ ಹೊರಬರುತ್ತದೆ. ಹೊಸದಾಗಿ ಕಟ್ಟಿದ ಮನೆಯಲ್ಲಿ ಕಾಂಕ್ರೀಟು ಮತ್ತು ಗಾರೆಯ ನೀರು ಒಣಗಲು ಒಂದೆರಡು ಚಳಿಗಾಲಗಳೇ ಬೇಕಾಗಬಹುದು.

ಹೊಸ ಕಿಟಕಿ ಹಾಕಿಸಿದ ಮೇಲೆಯೇ ಈ ತೊಂದರೆ ಶುರುವಾಯಿತು. ಕಿಟಕಿಯಲ್ಲಿ ದೋಷವಿದೆಯೇ?

ದೋಷವಿರುವ ಸಾಧ್ಯತೆ ಕಡಿಮೆ. ಹಳೆಯ ಕಿಟಕಿಯ ಸಂದುಗಳಿಂದ ಹಗಲಿರುಳೂ ತಣ್ಣನೆಯ ಒಣ ಗಾಳಿ ನುಗ್ಗುತ್ತಿತ್ತು, ತೇವದ ಗಾಳಿ ಹೊರಹೋಗುತ್ತಿತ್ತು. ಯಾರೂ ಯೋಜಿಸದೆ ನಡೆಯುತ್ತಿದ್ದ ಆ ಗಾಳಿಯಾಟವನ್ನು ಹೊಸ ಕಿಟಕಿ ನಿಲ್ಲಿಸಿದೆ. ಮನೆಮಂದಿ ಉಂಟುಮಾಡುವ ತೇವ ಮಾತ್ರ ಮೊದಲಿನಷ್ಟೇ ಇದೆ, ಹೋಗುವ ದಾರಿ ಕಿರಿದಾಗಿದೆ. ಕಿಟಕಿ ಬದಲಿಸುವಾಗಲೇ ಗಾಳಿಯ ವ್ಯವಸ್ಥೆಯನ್ನೂ ಯೋಚಿಸಬೇಕಾದದ್ದು ಇದಕ್ಕಾಗಿಯೇ, ಆದರೆ ಮಾರುವವರು ಗಾಜಿನ ಗುಣಗಳನ್ನು ವಿವರಿಸುವಷ್ಟು ಉತ್ಸಾಹದಿಂದ ಈ ಮಾತನ್ನು ವಿವರಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಗಾಜು ಬೆಚ್ಚಗಿರುವುದರಿಂದ, ಮನೆಯಲ್ಲಿ ಅದಕ್ಕಿಂತ ತಣ್ಣಗಿರುವ ಜಾಗ ಹೊರಗೋಡೆಯ ಮೂಲೆಯೋ ಚೌಕಟ್ಟಿನ ಸುತ್ತಲಿನ ಗಾರೆಯೋ ಆಗಿಬಿಡಬಹುದು. ಆಗ ನೀರು ಗಾಜನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ. ಒರೆಸಬಹುದಾದ ಗಾಜಿನ ಮೇಲೆ ಕಾಣುತ್ತಿದ್ದದ್ದು ಬೀರುವಿನ ಹಿಂದಿನ ಗೋಡೆಗೆ ಸ್ಥಳಾಂತರಗೊಂಡರೆ ಅದನ್ನು ಪ್ರಗತಿ ಎನ್ನಲಾಗದು.

ಎರಡು ಗಾಜುಗಳ ನಡುವೆ ಮಂಜು ಕಟ್ಟಿದೆ, ಒಳಗಿನಿಂದಲೂ ಹೊರಗಿನಿಂದಲೂ ಒರೆಸಲಾಗುತ್ತಿಲ್ಲ.

ಇದು ಮಾತ್ರ ನಿಜವಾಗಿಯೂ ಕಿಟಕಿಯ ದೋಷ. ಎರಡು ಗಾಜುಗಳನ್ನು ಅಂಚಿನಲ್ಲಿ ಬೇರ್ಪಡಿಸುವ ಪಟ್ಟಿಯೊಳಗೆ ತೇವ ಹೀರುವ ಹರಳುಗಳಿರುತ್ತವೆ. ಅಂಚಿನ ಮೊಹರು ಬಿರುಕುಬಿಟ್ಟಾಗ ಹೊರಗಿನ ಆವಿ ಒಳನುಸುಳಿ, ಹರಳುಗಳು ತುಂಬಿದ ಮೇಲೆ ಮಂಜಾಗಿ ಕಾಣಿಸಿಕೊಳ್ಳುತ್ತದೆ. ತುಂಬಿದ್ದ ಆರ್ಗಾನ್ ಅಷ್ಟರಲ್ಲಿ ಬಹುಮಟ್ಟಿಗೆ ಹೋಗಿರುತ್ತದೆ. ಚೌಕಟ್ಟು ಗಟ್ಟಿಯಾಗಿದ್ದರೆ ಜೋಡಿ ಗಾಜನ್ನಷ್ಟೇ ಬದಲಿಸಬಹುದು. ಗಾಜಿಗೆ ರಂಧ್ರ ಕೊರೆದು ಒಣಗಿಸಿಕೊಡುವ ಸೇವೆಯಿಂದ ನೋಟ ತಿಳಿಯಾಗುತ್ತದೆಯೇ ಹೊರತು ಕಳೆದುಹೋದ ಶಾಖರಕ್ಷಣೆ ಮರಳುವುದಿಲ್ಲ.

ಬಿಡಿಬಿಡಿಯಾದ ಎರಡು ಕಿಟಕಿಗಳನ್ನು ಒಂದರ ಹಿಂದೊಂದು ಕೂರಿಸಿದ ಹಳೆಯ ಮನೆಗಳ ಕಥೆ ಬೇರೆ. ಅಲ್ಲಿ ಹೊರಗಿನ ಗಾಜಿನ ಒಳಮೈ ಒದ್ದೆಯಾದರೆ ಒಳಗಿನ ಕಿಟಕಿಯ ಸಂದುಗಳಿಂದ ಮನೆಯ ಗಾಳಿ ನುಸುಳುತ್ತಿದೆ ಎಂದರ್ಥ. ಒಳಗಿನದನ್ನು ಬಿಗಿ ಮಾಡಬೇಕು, ಹೊರಗಿನದರ ಕೆಳಗೆ ಇರುವ ಸಣ್ಣ ರಂಧ್ರಗಳನ್ನು ಮುಚ್ಚದೆ ಬಿಡಬೇಕು.

ಗಾಜಿನ ಹೊರಮೈ ಮೇಲೆ ಮುಂಜಾನೆ ಇಬ್ಬನಿ ಕೂತಿರುತ್ತದೆ.

ಚಿಂತಿಸಬೇಕಾಗಿಲ್ಲ. ಗಾಜು ಒಳಗಿನ ಶಾಖವನ್ನು ಹೊರಬಿಡದಷ್ಟು ಚೆನ್ನಾಗಿದ್ದಾಗ ಅದರ ಹೊರಮೈ ತೆರೆದ ಆಕಾಶದ ಕೆಳಗೆ ಹುಲ್ಲಿನಂತೆಯೇ ತಣಿಯುತ್ತದೆ. ಬಿಸಿಲೇರಿದರೆ ಹೋಗುತ್ತದೆ.

ನೀರು ಯಾವಾಗಲೂ ಗಾಜಿನ ಕೆಳ ಅಂಚಿನಲ್ಲೇ ಏಕೆ?

ಅಂಚಿನ ಪಟ್ಟಿ ಅಲ್ಯೂಮಿನಿಯಂದಾಗಿದ್ದರೆ ಅದು ಶಾಖವನ್ನು ಸಲೀಸಾಗಿ ಹೊರಗೆ ಸಾಗಿಸುತ್ತದೆ, ಹಾಗಾಗಿ ಅಂಚುಗಳು ನಡುಭಾಗಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತವೆ. ಜೊತೆಗೆ ಎರಡು ಗಾಜುಗಳ ನಡುವಿನ ಅನಿಲ ತಣಿದು ಕೆಳಗೆ ಇಳಿಯುತ್ತದೆ, ಕೋಣೆಯ ಗಾಳಿಯೂ ಗಾಜಿನುದ್ದಕ್ಕೂ ತಣಿಯುತ್ತಾ ಕೆಳಕ್ಕೆ ಜಾರುತ್ತದೆ. ಕೆಳ ಅಂಚಿನಲ್ಲಿ ಎಲ್ಲವೂ ಸೇರಿಕೊಳ್ಳುತ್ತವೆ. ಅಲ್ಲಿ ಬೆರಳಗಲದ ತೇವ ಕಡುಚಳಿಯ ಬೆಳಗ್ಗೆ ಕಂಡು ಮಧ್ಯಾಹ್ನದೊಳಗೆ ಒಣಗುತ್ತಿದ್ದರೆ ಒರೆಸಿ ಸುಮ್ಮನಿರಬಹುದು. ನೀರು ಹರಿದು ಚೌಕಟ್ಟಿನ ಮೇಲೆ ನಿಲ್ಲುತ್ತಿದ್ದರೆ ಸುಮ್ಮನಿರಬಾರದು.

ಮಲಗುವ ಕೋಣೆಯ ಕಿಟಕಿಯೇ ಹೆಚ್ಚು ಒದ್ದೆಯಾಗುತ್ತದೆ, ಅದರಲ್ಲೂ ಮೇಲಂತಸ್ತಿನದು.

ಇಬ್ಬರು ಮಲಗಿದ ಕೋಣೆಯಲ್ಲಿ ಎಂಟು ಗಂಟೆಗಳಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಬಾಗಿಲು ಮುಚ್ಚಿರುತ್ತದೆ, ಪರದೆ ಎಳೆದಿರುತ್ತದೆ, ಹೀಟರ್ ತಗ್ಗಿಸಿರುತ್ತದೆ. ಗಾಜು ಅತಿ ತಣ್ಣಗಿರುವ ಹೊತ್ತಿಗೇ ಆವಿ ಅತಿ ಹೆಚ್ಚಾಗಿರುತ್ತದೆ.

ಮೇಲಂತಸ್ತಿಗೆ ಇನ್ನೊಂದು ಕಾರಣವಿದೆ. ಬೆಚ್ಚಗಿನ ಗಾಳಿ ಹಗುರವಾದ್ದರಿಂದ ಮನೆಯೊಳಗೆ ಮೇಲಕ್ಕೇರಿ ಮೇಲಿನ ಸಂದುಗಳಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಹೊರಗಿನ ಒಣ ಗಾಳಿ ಕೆಳಗಿನ ಸಂದುಗಳಿಂದ ಬರುತ್ತದೆ. ಹೀಗಾಗಿ ಕೆಳಗಿನ ಕಿಟಕಿಗಳಿಗೆ ಒಣ ಗಾಳಿಯೂ, ಮೇಲಿನ ಕಿಟಕಿಗಳಿಗೆ ಇಡೀ ಮನೆಯ ತೇವ ಹೊತ್ತ ಗಾಳಿಯೂ ಸಿಗುತ್ತವೆ.

ಒಂದು ಕೋಣೆಯನ್ನು ಬಿಸಿ ಮಾಡದೆ ಬಿಟ್ಟು, ಸಂಜೆ ‘ಸ್ವಲ್ಪ ಬೆಚ್ಚಗಾಗಲಿ’ ಎಂದು ಬಾಗಿಲು ತೆರೆದು ಉಳಿದ ಕೋಣೆಗಳ ಗಾಳಿಯನ್ನು ಅದಕ್ಕೆ ಬಿಡುವ ಅಭ್ಯಾಸ ಹಲವರಲ್ಲಿದೆ. ಅದರಿಂದ ಅಲ್ಲಿಗೆ ಹೋಗುವುದು ಶಾಖಕ್ಕಿಂತ ಹೆಚ್ಚಾಗಿ ತೇವ. ತಣ್ಣಗೇ ಇಡಬೇಕೆಂದಿದ್ದರೆ ಬಾಗಿಲು ಮುಚ್ಚಿಡಿ. ಬಳಸುವ ಕೋಣೆಯಾದರೆ ಅದರದೇ ಹೀಟರಿನಿಂದ 16 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಕಿಟಕಿ ತೆರೆದರೆ ಕಾಯಿಸಿದ ಶಾಖವೆಲ್ಲ ಹೋಗುವುದಿಲ್ಲವೇ? ಎಷ್ಟು ಹೊತ್ತು ತೆರೆಯಬೇಕು?

ಲೆಕ್ಕ ಹಾಕಿ ನೋಡೋಣ. 40 ಘನಮೀಟರ್ ಗಾತ್ರದ ಕೋಣೆಯ ಗಾಳಿಯನ್ನು ಪೂರ್ತಿ ಬದಲಿಸಿ, ಬಂದ ಗಾಳಿಯನ್ನು ಸೊನ್ನೆಯಿಂದ 20 ಡಿಗ್ರಿಗೆ ಕಾಯಿಸಲು ಬೇಕಾಗುವ ಶಕ್ತಿ ಕಾಲು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚು, ಅಂದರೆ ಒಂದು ಕಿಲೋವ್ಯಾಟ್ ಹೀಟರನ್ನು ಕಾಲು ಗಂಟೆ ನಡೆಸಿದಷ್ಟು. ಕೋಣೆಯ ಆರ್ದ್ರತೆ ಶೇಕಡಾ 60 ಇದ್ದಿದ್ದರೆ ಆ ಒಂದೇ ಸಲಕ್ಕೆ 250 ಗ್ರಾಂನಷ್ಟು ನೀರಾವಿ ಹೊರಹೋಗಿರುತ್ತದೆ.

ಮುಖ್ಯವಾದದ್ದು ತೆರೆಯುವ ರೀತಿ. ಎದುರುಬದುರಿನ ಕಿಟಕಿಗಳನ್ನು ಅಗಲವಾಗಿ ತೆರೆದು ಐದರಿಂದ ಹತ್ತು ನಿಮಿಷದಲ್ಲಿ ಮುಚ್ಚಿದರೆ ಗಾಳಿಯಷ್ಟೇ ಬದಲಾಗುತ್ತದೆ. ಗೋಡೆ, ನೆಲ, ಪೀಠೋಪಕರಣಗಳು ಶಾಖವನ್ನು ಉಳಿಸಿಕೊಂಡಿದ್ದು ಹೊಸ ಗಾಳಿಯನ್ನು ಬೇಗ ಬೆಚ್ಚಗಾಗಿಸುತ್ತವೆ. ಅದರ ಬದಲು ಒಂದು ಕಿಟಕಿಯನ್ನು ಬೆರಳಗಲ ಓರೆಮಾಡಿ ದಿನವಿಡೀ ಬಿಟ್ಟರೆ ಗಾಳಿ ನಿಧಾನವಾಗಿ ಬದಲಾಗುತ್ತಾ, ಕಿಟಕಿಯ ಸುತ್ತಲಿನ ಗೋಡೆ ತಣಿದು, ಬೂಷ್ಟಿಗೆ ಹೊಸ ಜಾಗವೊಂದು ಸಿದ್ಧವಾಗುತ್ತದೆ. ಎದ್ದ ಕೂಡಲೇ ಒಮ್ಮೆ, ಅಡುಗೆ ಅಥವಾ ಸ್ನಾನದ ನಂತರ ಒಮ್ಮೆ, ಮಲಗುವ ಮುನ್ನ ಒಮ್ಮೆ ಎಂಬುದು ಸಾಮಾನ್ಯ ಮನೆಗೆ ಸಾಕು. ಚಳಿ ಹೆಚ್ಚಿದಷ್ಟೂ ಹೊತ್ತು ಕಡಿಮೆ ಸಾಕು.

ದಿನವೂ ಇದನ್ನು ಮಾಡಲಾಗದವರಿಗೆ, ಬಿಗಿಯಾಗಿ ಕಟ್ಟಿದ ಮನೆಗಳಿಗೆ, ಶಾಖವನ್ನು ಮರಳಿ ಪಡೆಯುವ ಗಾಳಿ ವಿನಿಮಯ ಯಂತ್ರ ತಕ್ಕ ಪರಿಹಾರ. ಹೊರಹೋಗುವ ಗಾಳಿಯ ಶಾಖದಲ್ಲಿ ಬಹುಪಾಲನ್ನು ಅದು ಒಳಬರುವ ಗಾಳಿಗೆ ಕೊಡುತ್ತದೆ. ಇದರಲ್ಲಿ ಎರಡು ಬಗೆಗಳಿವೆ: ಶಾಖವನ್ನಷ್ಟೇ ಮರಳಿಸುವ ಎಚ್‌ಆರ್‌ವಿ, ಶಾಖದೊಂದಿಗೆ ತೇವದ ಒಂದಂಶವನ್ನೂ ಮರಳಿಸುವ ಇಆರ್‌ವಿ. ಚಳಿಗಾಲದಲ್ಲಿ ತೇವ ಹೆಚ್ಚಾಗಿ ಕಾಡುವ ಮನೆಗೆ ಮೊದಲನೆಯದೂ, ಅತಿಯಾಗಿ ಒಣಗುವ ಮನೆಗೆ ಎರಡನೆಯದೂ ಹೊಂದುತ್ತವೆ.

ಎಕ್ಸಾಸ್ಟ್ ಫ್ಯಾನ್ ಇದ್ದರೂ ಬಚ್ಚಲುಮನೆ ಒಣಗುವುದಿಲ್ಲ.

ಮೊದಲು ಫ್ಯಾನಿನ ಜಾಲರಿಗೆ ತೆಳುವಾದ ಕಾಗದವೊಂದನ್ನು ಹಿಡಿದು ನೋಡಿ. ಅಂಟಿಕೊಂಡು ನಿಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತಿದೆಯಷ್ಟೇ, ಎಳೆಯುತ್ತಿಲ್ಲ. ಧೂಳು ತೆಗೆದರೆ ಅನೇಕ ಸಲ ಸರಿಹೋಗುತ್ತದೆ. ಬಾಗಿಲ ಕೆಳಗೆ ಗಾಳಿ ಬರಲು ಸಂದು ಇರಬೇಕು. ಸ್ನಾನ ಮುಗಿದ ಮೇಲೂ 20ರಿಂದ 30 ನಿಮಿಷ ಅದು ನಡೆಯಬೇಕು, ಏಕೆಂದರೆ ಗೋಡೆಗೆ ಅಂಟಿದ ನೀರು ಆವಿಯಾಗುವುದು ಆಮೇಲೆಯೇ. ಅದರ ಕೊಳವೆ ಮನೆಯಿಂದಾಚೆಗೆ ತೆರೆದುಕೊಳ್ಳುತ್ತದೆಯೇ ಎಂದೂ ಪರೀಕ್ಷಿಸಬೇಕು. ಮಾಡಿನಡಿಯ ಅಟ್ಟಕ್ಕೆ ಬಿಟ್ಟ ಕೊಳವೆ ಕಿಟಕಿಯ ತೊಂದರೆಯನ್ನು ಮಾಡಿನ ಮರಕ್ಕೆ ವರ್ಗಾಯಿಸುತ್ತದೆ. ಅಡುಗೆಮನೆಯ ಚಿಮಣಿಗೂ ಇದೇ ಮಾತು: ಗಾಳಿಯನ್ನು ಸೋಸಿ ಮತ್ತೆ ಕೋಣೆಗೇ ಬಿಡುವ ಬಗೆಯದು ಜಿಡ್ಡನ್ನು ಹಿಡಿಯುತ್ತದೆ, ಆವಿಯನ್ನಲ್ಲ.

ರಾತ್ರಿ ಪರದೆ ಎಳೆಯುವುದು ಒಳ್ಳೆಯದೋ ಕೆಟ್ಟದ್ದೋ?

ಶಾಖ ಉಳಿಸಲು ಒಳ್ಳೆಯದು, ಗಾಜನ್ನು ಒಣಗಿಡಲು ಕೆಟ್ಟದ್ದು. ಪರದೆ ಕೋಣೆಯ ಶಾಖವನ್ನು ಗಾಜಿನಿಂದ ದೂರವಿಡುತ್ತದೆ, ಆದರೆ ಆವಿಯನ್ನು ತಡೆಯುವುದಿಲ್ಲ. ಹೀಗಾಗಿ ಅದರ ಹಿಂದಿನ ಗಾಜು ಇನ್ನಷ್ಟು ತಣಿದು ಹೆಚ್ಚು ಒದ್ದೆಯಾಗುತ್ತದೆ. ಕಿಟಕಿಯ ಕೆಳಗೆ ರೇಡಿಯೇಟರ್ ಇದ್ದರೆ ಪರದೆ ಅದನ್ನು ಮುಚ್ಚದಂತೆ, ಗಾಳಿ ಮೇಲೆಯೂ ಕೆಳಗೂ ಆಡುವಂತೆ ತುಸು ಗಿಡ್ಡವಾಗಿ ಹೊಲಿಸಿ. ಬೆಳಗಾದೊಡನೆ ಪೂರ್ತಿ ಸರಿಸಿ. ಒಳಗಿನ ಸೊಳ್ಳೆ ಜಾಲರಿಯನ್ನು ಚಳಿಗಾಲದ ಮಟ್ಟಿಗೆ ತೆಗೆದಿಡುವುದರಿಂದಲೂ ಗಾಜಿಗೆ ಗಾಳಿ ಚೆನ್ನಾಗಿ ತಾಗುತ್ತದೆ.

ಡಿಹ್ಯೂಮಿಡಿಫೈಯರ್ ಕೊಳ್ಳಬೇಕೇ?

ಬಟ್ಟೆ ಒಣಗಿಸುವ ಕೋಣೆಗೆ, ನೆಲಮಾಳಿಗೆಗೆ, ಕಿಟಕಿ ತೆರೆಯಲಾಗದ ಮನೆಗೆ ಅದು ಉಪಯುಕ್ತ. ಕಂಪ್ರೆಸರ್ ಇರುವ ಯಂತ್ರಗಳು ಬೆಚ್ಚಗಿನ ಕೋಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. 15 ಡಿಗ್ರಿಗಿಂತ ಕೆಳಗಿನ ಕೋಣೆಗಳಲ್ಲಿ ಅವುಗಳ ಸುರುಳಿಗೆ ಹಿಮ ಕಟ್ಟತೊಡಗಿ ನೀರು ಹಿಡಿಯುವುದು ಬಹಳ ಕಡಿಮೆಯಾಗುತ್ತದೆ. ಅಂಥಲ್ಲಿಗೆ ತೇವ ಹೀರುವ ಚಕ್ರವಿರುವ ಬಗೆಯದು ಸೂಕ್ತ, ಆದರೆ ವಿದ್ಯುತ್ತು ಹೆಚ್ಚು ಬೇಕು. ಎರಡರಲ್ಲೂ ಬಳಸಿದ ವಿದ್ಯುತ್ತು ಕೊನೆಗೆ ಶಾಖವಾಗಿ ಕೋಣೆಗೇ ಬರುವುದರಿಂದ ಚಳಿಗಾಲದಲ್ಲಿ ಅದು ಪೂರ್ತಿ ನಷ್ಟವಲ್ಲ. ಉಪ್ಪಿನಂಥ ಹರಳು ತುಂಬಿದ ಚಿಕ್ಕ ಡಬ್ಬಿಗಳು ಬೀರುವಿನೊಳಗೆ ಪರವಾಗಿಲ್ಲ. ಕೋಣೆಯೊಂದರಲ್ಲಿ ದಿನಕ್ಕೆ ಲೀಟರುಗಟ್ಟಲೆ ಹುಟ್ಟುವ ಆವಿಗೆ ಅವು ಲೆಕ್ಕಕ್ಕಿಲ್ಲ. ಅಂದಹಾಗೆ, ಈ ಯಂತ್ರ ನೀರನ್ನು ತೆಗೆಯುತ್ತದೆಯೇ ಹೊರತು ಹಳಸಿದ ಗಾಳಿಯನ್ನಲ್ಲ.

ಮಗುವಿನ ಕೆಮ್ಮಿಗೆಂದು ಹ್ಯೂಮಿಡಿಫೈಯರ್ ಹಾಕಿದ್ದೇವೆ. ನಿಲ್ಲಿಸಬೇಕೇ?

ಅಳೆಯದೆ ಹಾಕುವುದನ್ನು ನಿಲ್ಲಿಸಬೇಕು. ಆರ್ದ್ರತಾಮಾಪಕ ಶೇಕಡಾ 30ಕ್ಕಿಂತ ಕೆಳಗೆ ತೋರಿಸುತ್ತಿದ್ದು, ಗಾಜು ಒಣಗಿದ್ದರೆ ಹಿತಮಿತವಾಗಿ ಬಳಸಬಹುದು. ಗಾಜು ಒದ್ದೆಯಾಗತೊಡಗಿದೊಡನೆ ತಗ್ಗಿಸಬೇಕು. ಯಂತ್ರದ ನೀರನ್ನು ದಿನವೂ ಬದಲಿಸಿ, ತಯಾರಕರು ಹೇಳಿದಂತೆ ತೊಳೆಯದಿದ್ದರೆ ಅದರೊಳಗೆ ಬೆಳೆದ ಸೂಕ್ಷ್ಮಜೀವಿಗಳನ್ನೇ ಗಾಳಿಗೆ ಸಿಂಪಡಿಸಿದಂತಾಗುತ್ತದೆ. ಆರ್ದ್ರತೆ ಶೇಕಡಾ 50ನ್ನು ಮೀರಿ ನಿಂತರೆ ಹಾಸಿಗೆಯಲ್ಲಿ ಧೂಳುಹುಳಗಳು ಹೆಚ್ಚುತ್ತವೆ, ಅಲರ್ಜಿಯಿರುವ ಮಗುವಿನ ಕೆಮ್ಮು ಅದರಿಂದಲೇ ಉಲ್ಬಣಿಸಬಹುದು. ಕೆಮ್ಮು ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಅಗ್ಗದ ಆರ್ದ್ರತಾಮಾಪಕಗಳನ್ನು ನಂಬಬಹುದೇ?

ಐದು ಅಂಕಿಗಳಷ್ಟು ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ, ಆದರೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಅದನ್ನು ಮನೆಯಲ್ಲೇ ಪರೀಕ್ಷಿಸುವ ವಿಧಾನವೊಂದಿದೆ. ಚಿಕ್ಕ ಬಟ್ಟಲಿನಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ, ಕರಗಿ ಹೋಗದೆ ಒದ್ದೆ ಮರಳಿನಂತಾಗುವಷ್ಟು ಕಲಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಅದಕ್ಕೆ ತಾಗದಂತೆ ಇಟ್ಟು ಒಂದು ರಾತ್ರಿ ಬಿಟ್ಟರೆ, ಸಾಮಾನ್ಯ ಕೋಣೆಯ ಉಷ್ಣಾಂಶದಲ್ಲಿ ಒಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮಾಪಕ 70 ತೋರಿಸಿದರೆ ಅದು ಐದು ಅಂಕಿ ಕಡಿಮೆ ಹೇಳುತ್ತದೆ ಎಂದು ನೆನಪಿಟ್ಟುಕೊಂಡರಾಯಿತು. ಮಾಪಕವನ್ನು ಕಿಟಕಿಯ ಮೇಲೋ ಹೀಟರಿನ ಪಕ್ಕದಲ್ಲೋ ಇಡದೆ, ಒಳಗೋಡೆಯ ಬಳಿ ಎದೆಯೆತ್ತರದಲ್ಲಿ ಇಡಿ.

ಕಿಟಕಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಪ್ರಯೋಜನವಿದೆಯೇ?

ನಾಲ್ಕೂ ಕಡೆ ಒಂದಿಷ್ಟೂ ಸಂದಿಲ್ಲದಂತೆ ಅಂಟಿಸಿದರೆ ಒಂಟಿ ಗಾಜಿನ ಕಿಟಕಿಗೆ ಗಮನಾರ್ಹ ಪ್ರಯೋಜನವಿದೆ. ಒಂದು ಮೂಲೆ ಬಿಟ್ಟುಕೊಂಡರೂ ಹಾಳೆಯ ಹಿಂದೆ ಆವಿ ಸೇರಿ, ಒರೆಸಲೂ ಆಗದಂತೆ ಗಾಜು ತೊಯ್ಯುತ್ತದೆ. ಒಣ ದಿನದಲ್ಲಿ, ಗಾಜನ್ನು ಪೂರ್ತಿ ಒಣಗಿಸಿದ ಮೇಲೆ ಅಂಟಿಸಬೇಕು. ತುರ್ತಿನಲ್ಲಿ ಹೊರಬರಲು ಬೇಕಾಗುವ ಕಿಟಕಿಯನ್ನು ಹೀಗೆ ಮುಚ್ಚಬಾರದು.

ಚೌಕಟ್ಟಿನ ಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಿವೆ. ಗಾಜು ಅಷ್ಟೇನೂ ಒದ್ದೆಯಾಗುತ್ತಿರಲಿಲ್ಲ.

ಬೂಷ್ಟಿಗೆ ಹರಿಯುವ ನೀರು ಬೇಕಿಲ್ಲ. ಮೇಲ್ಮೈಯನ್ನು ಸವರಿಕೊಂಡಿರುವ ಗಾಳಿಯ ಆರ್ದ್ರತೆ ಹಲವು ದಿನ ಶೇಕಡಾ 80ರ ಮೇಲಿದ್ದರೆ ಅದಕ್ಕೆ ಸಾಕು. 20 ಡಿಗ್ರಿ, ಶೇಕಡಾ 50ರ ಕೋಣೆಯಲ್ಲಿ ಇಬ್ಬನಿ ಬಿಂದು 9 ಡಿಗ್ರಿ ಚಿಲ್ಲರೆಯಾದರೂ, 12ರಿಂದ 13 ಡಿಗ್ರಿಗೆ ತಣಿದ ಮೂಲೆಯಲ್ಲೇ ಆ ಶೇಕಡಾ 80 ಬಂದುಬಿಡುತ್ತದೆ. ಗಾಜಿನ ಮೇಲಿನ ಹನಿಯನ್ನೇ ಏಕೈಕ ಅಳತೆಗೋಲಾಗಿ ನಂಬುವವರು ಇದನ್ನು ತಡವಾಗಿ ಗಮನಿಸುತ್ತಾರೆ. ಬೀರು, ಮಂಚಗಳನ್ನು ಹೊರಗೋಡೆಯಿಂದ ಐದಾರು ಸೆಂಟಿಮೀಟರ್ ದೂರವಿಡಬೇಕು ಎನ್ನುವುದೂ ಇದಕ್ಕಾಗಿಯೇ.

ಗಟ್ಟಿ ಮೇಲ್ಮೈ ಮೇಲಿನ ಸಣ್ಣ ಕಲೆಗಳನ್ನು ಕೈಗವಸು ತೊಟ್ಟು, ಕಿಟಕಿ ತೆರೆದಿಟ್ಟು, ಸಾಬೂನು ನೀರಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿದರೆ ಸಾಕು. ಬ್ಲೀಚ್ ಬಳಸುವುದಾದರೆ ಅಮೋನಿಯಾ ಅಥವಾ ಆಮ್ಲವಿರುವ ಬೇರೆ ಯಾವ ದ್ರಾವಣದೊಂದಿಗೂ ಬೆರೆಸಬಾರದು, ಹೊರಡುವ ಅನಿಲ ವಿಷಕಾರಿ. ಒಂದು ಚದರ ಮೀಟರಿನಷ್ಟು ಹರಡಿದ್ದರೆ, ಅಥವಾ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಕೆಲಸ ಬಲ್ಲವರನ್ನು ಕರೆಯುವುದು ಉತ್ತಮ. ಒದ್ದೆ ಜಾಗಕ್ಕೆ ಬಣ್ಣ ಬಳಿದು ಮುಚ್ಚುವುದರಿಂದ ಒಂದು ಋತುವಿನ ಸಮಾಧಾನ ಸಿಗುತ್ತದೆ, ಅಷ್ಟೇ.

ಗಾಜಿನ ಒಳಮೈ ಮೇಲೆ ಹಿಮ ಗಟ್ಟಿಯಾಗಿದೆ. ಕೆರೆದು ತೆಗೆಯಬಹುದೇ?

ಬೇಡ, ಗಾಜಿನ ಲೇಪನ ಮತ್ತು ಚೌಕಟ್ಟಿನ ರಬ್ಬರು ಹಾಳಾಗುತ್ತವೆ. ಬಿಸಿನೀರು ಸುರಿಯುವುದಂತೂ ಸಲ್ಲದು, ಗಾಜು ಸೀಳಬಹುದು. ಕೋಣೆಯನ್ನು ನಿಧಾನವಾಗಿ ಬೆಚ್ಚಗಾಗಿಸಿ, ಕರಗುವ ನೀರನ್ನು ಬಟ್ಟೆಯಲ್ಲಿ ಹೀರಿಸಿ. ಮೂರು ಪದರದ ಗಾಜಿದ್ದೂ ಒಂದೇ ಮೂಲೆಯಲ್ಲಿ ಹಿಮ ಕಟ್ಟುತ್ತಿದ್ದರೆ ಅಲ್ಲಿ ರಬ್ಬರು ಸವೆದು ಹೊರಗಿನ ಗಾಳಿ ನುಗ್ಗುತ್ತಿರುವುದು ಬಹುತೇಕ ಖಚಿತ.

ಹಿಂದೆಂದೂ ಇಲ್ಲದೆ ಒಂದು ದಿನ ಇದ್ದಕ್ಕಿದ್ದಂತೆ ಮನೆಯ ಎಲ್ಲ ಕಿಟಕಿಗಳೂ ತೊಯ್ದಿವೆ.

ಮನೆಯಲ್ಲಿ ಅನಿಲ, ಸೀಮೆಎಣ್ಣೆ ಅಥವಾ ಸೌದೆ ಉರಿಯುತ್ತಿದ್ದರೆ ಇದನ್ನು ಹಗುರವಾಗಿ ಪರಿಗಣಿಸಬೇಡಿ. ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಬರುತ್ತದೆ. ಹೊಗೆ ಕೊಳವೆ ಕಟ್ಟಿಕೊಂಡರೆ, ಅಥವಾ ಬಿಗಿಯಾದ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ಎಳೆತಕ್ಕೆ ಹೊಗೆ ಹಿಂದಿರುಗಿದರೆ, ಆ ಆವಿಯೊಂದಿಗೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಕೋಣೆಗೆ ಬರಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಜೊತೆಗಿದ್ದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲದೆ, ಎಲ್ಲರೂ ತಕ್ಷಣ ಹೊರಬಂದು ತುರ್ತು ಸೇವೆಗೆ ಕರೆ ಮಾಡಬೇಕು. ಲಕ್ಷಣಗಳಿಲ್ಲದಿದ್ದರೂ ಉಪಕರಣವನ್ನು ಆರಿಸಿ, ಕಿಟಕಿ ತೆರೆದು, ತಂತ್ರಜ್ಞರು ಪರೀಕ್ಷಿಸುವವರೆಗೆ ಮತ್ತೆ ಹೊತ್ತಿಸಬಾರದು. ಹೊಗೆ ಕೊಳವೆಯೇ ಇಲ್ಲದ ಹೀಟರುಗಳನ್ನು ಮಲಗುವ ಮನೆಯಲ್ಲಿ ಬಳಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇಂಥ ಪ್ರತಿ ಮನೆಯಲ್ಲೂ ಇರಬೇಕು.

ಬಾಡಿಗೆ ಮನೆ. ‘ನೀವು ಕಿಟಕಿ ತೆರೆಯುವುದಿಲ್ಲ’ ಎನ್ನುತ್ತಾರೆ ಮಾಲೀಕರು. ಮನೆಯೇ ಸರಿಯಿಲ್ಲ ಎನ್ನುತ್ತೇವೆ ನಾವು. ಯಾರು ಸರಿ?

ಅಳತೆಯ ದಾಖಲೆ ಇಲ್ಲದೆ ಈ ವಾದ ಮುಗಿಯುವುದಿಲ್ಲ. ಚಳಿ ಜೋರಾಗಿರುವ ಎರಡು ವಾರ ಬೆಳಗ್ಗೆ ಮತ್ತು ರಾತ್ರಿ ಕೋಣೆಯ ಉಷ್ಣಾಂಶ, ಆರ್ದ್ರತೆ, ಹೊರಗಿನ ಉಷ್ಣಾಂಶ ಮೂರನ್ನೂ ಬರೆದಿಡಿ, ಒದ್ದೆಯಾದ ಜಾಗದ ಚಿತ್ರವನ್ನು ದಿನಾಂಕದೊಂದಿಗೆ ತೆಗೆದಿಡಿ. ಕೋಣೆ 19ರಿಂದ 20 ಡಿಗ್ರಿಯಲ್ಲಿದ್ದು, ಆರ್ದ್ರತೆ ಹೆಚ್ಚಿನ ದಿನಗಳಲ್ಲಿ ಶೇಕಡಾ 60ನ್ನು ದಾಟಿದ್ದರೆ ತೇವದ ಮೂಲವನ್ನೂ ಗಾಳಿ ಬಿಡುವ ರೀತಿಯನ್ನೂ ಮೊದಲು ತಿದ್ದಿಕೊಳ್ಳಬೇಕು. ಕೆಲಸ ಮಾಡದ ಎಕ್ಸಾಸ್ಟ್ ಫ್ಯಾನನ್ನು ಸರಿಪಡಿಸಿಕೊಡುವುದು ಆಗಲೂ ಮಾಲೀಕರದೇ ಹೊಣೆಯಾಗಬಹುದು. ಕೋಣೆ ಬೆಚ್ಚಗಿದ್ದು ಆರ್ದ್ರತೆ ಶೇಕಡಾ 40ರ ಆಸುಪಾಸಿನಲ್ಲೇ ಇದ್ದರೂ ಗೋಡೆಯ ಮೂಲೆ ಒದ್ದೆಯಾಗುತ್ತಿದ್ದರೆ, ಆ ಮೂಲೆ 6 ಡಿಗ್ರಿಗಿಂತ ಕೆಳಗಿಳಿಯುತ್ತಿದೆ ಅಥವಾ ಅಲ್ಲಿಗೆ ಹೊರಗಿನಿಂದ ನೀರು ಬರುತ್ತಿದೆ. ಎರಡೂ ಕಟ್ಟಡದ ದೋಷಗಳೇ. ಮೇಲ್ಮೈಯ ಉಷ್ಣಾಂಶ ತೋರಿಸುವ ಇನ್‌ಫ್ರಾರೆಡ್ ಮಾಪಕ ಎರವಲು ಸಿಕ್ಕರೆ ಆ ಅಂಕಿಯನ್ನೂ ಸೇರಿಸಿ. ಬರಿಯ ಗಾಜಿನ ಮೇಲೆ ಅದು ಕೆಲವೊಮ್ಮೆ ಪ್ರತಿಫಲನದಿಂದ ತಪ್ಪು ತೋರಿಸುವುದರಿಂದ, ಗಾಜಿಗೆ ಚಿಕ್ಕದೊಂದು ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಅಳೆಯಬೇಕು.